ಮೇಲ್ಮನೆಯ ಕಾಗದ, ಕೆಳಮನೆಯ ಪೆಟ್ಟಿಗೆ

ಚುನಾವಣೆ ಇರಲಿ ಬಿಡಲಿ, ನಮ್ಮ ಅಕ್ಕೂರಿನಲ್ಲಿ ರಾಜಕೀಯದ ಮಾತಿಗೆ ಬರಗಾಲವಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗಲೂ, ರಾಮನಗರದ ಮಾರ್ಕೆಟ್ಟಿಗೆ ಗೂಡು ಹೇರಿಕೊಂಡು ಹೋಗುವಾಗಲೂ ಯಾರು ಯಾವ ಕಡೆ ಎನ್ನುವುದೇ ಚರ್ಚೆ. ಒಬ್ಬ ನಾಯಕನ ಹಿಂದೆ ಓಡಾಡಿ ಚಪ್ಪಲಿಯ ಜೊತೆ ಆಯಸ್ಸನ್ನೂ ಸವೆಸಿದವರು ಈ ಸೀಮೆಯ ಊರೂರಿನಲ್ಲೂ ಇದ್ದಾರೆ. ಅಂಥ ಹಿರಿಯರೊಬ್ಬರನ್ನು ಕೇಳಿದೆ: "ಅಣ್ಣಾ, ಸಾಹೇಬ್ರು ಯಾವತ್ತಾದ್ರೂ ಕಾಗದ ಬರೆದವ್ರಾ?"

"ಬರೀದೆ ಏನು? ತಹಶೀಲ್ದಾರ್ರಿಗೆ ಬರ್ದುಕೊಟ್ಟವ್ರೆ, ಡಿಪೋ ಮ್ಯಾನೇಜರಿಗೆ ಬರ್ದುಕೊಟ್ಟವ್ರೆ..."

ಎಲ್ಲವೂ ಅವರ ಬಗ್ಗೆ ಬರೆದವು. ಅವರಿಗೆಂದು ಬರೆದದ್ದು ಒಂದೂ ಇಲ್ಲ. ಲೆಟರ್‌ಹೆಡ್ಡು, ಸಹಿ, ಸೀಲು ಎಲ್ಲ ಇದ್ದೂ "ನೀನು ಹೇಗಿದ್ದೀಯ" ಎಂಬ ಸಾಲಿಲ್ಲದ ಕಾಗದಗಳು. ಹಾಗಾದರೆ ನಾಯಕನಾದವನು ಹಳೆಯ ಸಂಗಾತಿಗೆ ಏನು ಬರೆದಾನು? ನನಗೆ ನೆನಪಾಗುವುದು ಗಾಂಧೀಜಿ ಹರ್ಮನ್ ಕ್ಯಾಲನ್‌ಬಾಕ್‌ಗೆ ಬರೆದ ಪತ್ರಗಳು.

ಕ್ಯಾಲನ್‌ಬಾಕ್ ಜೊಹಾನ್ಸ್‌ಬರ್ಗಿನಲ್ಲಿ ನೆಲೆಸಿದ್ದ ಜರ್ಮನ್ ಯೆಹೂದಿ, ಕೈತುಂಬ ಸಂಪಾದನೆಯಿದ್ದ ವಾಸ್ತುಶಿಲ್ಪಿ. 1910ರಲ್ಲಿ ತನ್ನ 1,100 ಎಕರೆ ಜಮೀನನ್ನು ಸತ್ಯಾಗ್ರಹಿಗಳ ಸಂಸಾರಗಳಿಗೆ ಬಿಟ್ಟುಕೊಟ್ಟವರು. ಟಾಲ್‌ಸ್ಟಾಯ್ ಫಾರ್ಮ್ ಎದ್ದದ್ದು ಅಲ್ಲೇ. ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದು ಉಳಿದವರಿಗೂ ಕಲಿಸಿದರು. ನಾಯಕನಿಗಾಗಿ ಚಪ್ಪಲಿ ಸವೆಸುವವರನ್ನು ಕಂಡಿದ್ದೇನೆ, ಚಪ್ಪಲಿ ಹೊಲಿದವರು ಅಪರೂಪ.

ಪತ್ರಗಳಲ್ಲಿ ಗಾಂಧೀಜಿ 'ಮೇಲ್ಮನೆ', ಕ್ಯಾಲನ್‌ಬಾಕ್ 'ಕೆಳಮನೆ'. 1911ರಲ್ಲಿ ಕ್ಯಾಲನ್‌ಬಾಕ್ ಯುರೋಪಿಗೆ ಹೊರಟಾಗ ಈ ಎರಡು ಸದನಗಳ ನಡುವೆ ಒಪ್ಪಂದವೇ ಆಯಿತು: ಕೆಳಮನೆ ಮೂರನೇ ದರ್ಜೆಯಲ್ಲೇ ಪ್ರಯಾಣಿಸಬೇಕು, ಬಡ ರೈತನಂತೆ ಖರ್ಚು ಮಾಡಬೇಕು, ಮದುವೆಯಾಗಬಾರದು. ಬಜೆಟ್ಟು ಹಣ ತಂದವನದು, ತಿದ್ದುಪಡಿ ಮೇಲ್ಮನೆಯದು! 1914ರಲ್ಲಿ ಇಬ್ಬರೂ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುವಾಗ ಕ್ಯಾಲನ್‌ಬಾಕ್‌ರ ದುರ್ಬೀನಿನ ಮೋಹದ ಮೇಲೆ ದಿನವೂ ವಾದ ನಡೆದು, ಏಳು ಪೌಂಡಿನ ಆ ವಸ್ತು ಕೊನೆಗೆ ಸಮುದ್ರ ಸೇರಿತು. ಇದನ್ನು ಓದುವಾಗ ನನಗೆ ನಗು ಬರುತ್ತದೆ, ಜೊತೆಗೆ ಗಾಂಧೀಜಿಯ ಮೇಲೆ ಚೂರು ಸಿಟ್ಟೂ.

ಅವರು ಲಂಡನ್ ಮುಟ್ಟುವ ಹೊತ್ತಿಗೆ ಮಹಾಯುದ್ಧ ಶುರುವಾಗಿತ್ತು. ಜರ್ಮನ್ ಪ್ರಜೆಗೆ ಭಾರತಕ್ಕೆ ಬರಲು ಅನುಮತಿ ಸಿಗಲಿಲ್ಲ. ಗಾಂಧೀಜಿ ಇತ್ತ ಬಂದರು, ಕ್ಯಾಲನ್‌ಬಾಕ್ ಅಲ್ಲಿ ಶತ್ರುದೇಶದವರ ಬಂಧನ ಶಿಬಿರ ಸೇರಿದರು. ಅಲ್ಲಿಗೂ ಕಾಗದ ಹೋಯಿತು. ಆಗ ಅವರಿಂದ ಜಮೀನಿಲ್ಲ, ಹಣವಿಲ್ಲ, ಚಳವಳಿಗೆ ನಯಾಪೈಸೆಯ ಉಪಯೋಗವಿಲ್ಲ. ನಾಯಕನೊಬ್ಬನ ಸ್ನೇಹದ ತೂಕ ತಿಳಿಯಬೇಕಾದರೆ ಇಂಥ ಕಾಲದ ಕಾಗದಗಳನ್ನೇ ನೋಡಬೇಕು.

ಆದರೆ ಈ ಪತ್ರವ್ಯವಹಾರದಲ್ಲಿ ನಮಗೆ ಕೇಳುವುದು ಹೆಚ್ಚಾಗಿ ಒಂದೇ ಕಡೆಯ ಮಾತು, ಪಕ್ಕದ ಮನೆಯವರ ಫೋನ್ ಸಂಭಾಷಣೆ ಕಿವಿಗೆ ಬಿದ್ದಂತೆ. ಬೇರೆಯವರ ಕಣ್ಣಿಗೆ ಬೀಳಬಾರದೆಂಬುದು ಗೆಳೆಯನ ಇಚ್ಛೆಯೆಂದು ತಿಳಿದು, ಕ್ಯಾಲನ್‌ಬಾಕ್‌ರ ಆ ಕಾಲದ ಕಾಗದಗಳನ್ನು ಗಾಂಧೀಜಿ ಓದಿ ನಾಶಮಾಡುತ್ತಿದ್ದರು. ಕ್ಯಾಲನ್‌ಬಾಕ್ ಮಾತ್ರ ಬಂದದ್ದನ್ನೆಲ್ಲ ಜೋಪಾನ ಮಾಡಿದರು. 1945ರಲ್ಲಿ ಅವರು ತೀರಿಕೊಂಡ ಮೇಲೆ ಆ ಸಂಗ್ರಹ ಬಂಧುಗಳಲ್ಲಿ ಉಳಿಯಿತು. 2012ರಲ್ಲಿ ಲಂಡನ್ನಿನಲ್ಲಿ ಹರಾಜಿಗೆ ಬರಬೇಕಿದ್ದಾಗ ಭಾರತ ಸರ್ಕಾರ ಮೊದಲೇ ಕೊಂಡು ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ತಂದಿತು. ಮೇಲ್ಮನೆಯ ಮಾತು ನಮಗೆ ದಕ್ಕಿದ್ದು ಕೆಳಮನೆಯ ಪೆಟ್ಟಿಗೆಯಿಂದ.

ಇಬ್ಬರೂ ಮತ್ತೆ ಎದುರುಬದುರಾದದ್ದು 1937ರ ಮೇ ತಿಂಗಳಲ್ಲಿ, ಗಾಂಧೀಜಿ ನಮ್ಮ ಬೆಳಗಾವಿಯ ಹುದಲಿಗೆ ಬಂದುಹೋದ ಮರುತಿಂಗಳು. ಗುಜರಾತಿನ ತೀಥಲ್ ಕಡಲತೀರಕ್ಕೆ ಬಂದ ಕ್ಯಾಲನ್‌ಬಾಕ್ ಈಗ ಯೆಹೂದಿಗಳ ಸ್ವಂತ ನೆಲೆಯ ಪರವಾಗಿ ವಾದಿಸುವವರಾಗಿದ್ದರು. ಮರುವರ್ಷ ಗಾಂಧೀಜಿ ಜರ್ಮನಿಯ ಯೆಹೂದಿಗಳಿಗೆ ಅಹಿಂಸೆಯ ದಾರಿ ಸೂಚಿಸಿ ಲೇಖನ ಬರೆದರು. ಆ ದಾರಿ ಈ ಹಳೆಯ ಶಿಷ್ಯನಿಗೂ ನುಂಗಲಾರದ ತುತ್ತಾಯಿತು.

ನಮ್ಮ ಕಡೆ ನಿಷ್ಠೆಯೆಂದರೆ ಸಾಹೇಬರು ಪಕ್ಷ ಬಿಟ್ಟರೆ ತಾನೂ ಬಿಡುವುದು, ಅವರು ಮರಳಿದರೆ ತಾನೂ ಮರಳುವುದು. ಮದುವೆಯಾಗಬೇಡವೆಂದಾಗ ಒಪ್ಪಿದ್ದ, ದುರ್ಬೀನು ಎಸೆಯಲು ಒಪ್ಪಿದ್ದ ಕ್ಯಾಲನ್‌ಬಾಕ್ ಇಲ್ಲಿ ಮಾತ್ರ ಒಪ್ಪಲಿಲ್ಲ. 1939ರಲ್ಲಿ ಮತ್ತೆ ಬಂದು ಆಶ್ರಮದಲ್ಲಿ ಉಳಿದರೂ ಹಿಟ್ಲರನಿಗಾಗಿ ಪ್ರಾರ್ಥಿಸುವುದು ತನ್ನಿಂದಾಗದು ಎಂದರು. ಗಾಂಧೀಜಿ ಅದನ್ನು ಮುಚ್ಚಿಡಲಿಲ್ಲ. ಜೊತೆಯಲ್ಲಿರುವ ಯೆಹೂದಿ ಗೆಳೆಯನೊಬ್ಬನಿಗೆ ಇದು ಸಾಧ್ಯವಾಗುತ್ತಿಲ್ಲ, ಅವನ ಕೋಪದ ಮೇಲೆ ತನಗೆ ಜಗಳವಿಲ್ಲ ಎಂಬರ್ಥದಲ್ಲಿ 'ಹರಿಜನ' ಪತ್ರಿಕೆಯಲ್ಲೇ ಬರೆದರು.

ಗೆಳೆಯನ ಅಕ್ಕರೆಯ ಕಾಗದಗಳನ್ನು ಇಲ್ಲವಾಗಿಸಿದ ಕೈಯೇ ಅವನ 'ಇಲ್ಲ' ಎಂಬ ಮಾತನ್ನು ಅಚ್ಚು ಹಾಕಿಸಿತು. ಅನುಯಾಯಿಯ ಮೆಚ್ಚುಗೆ ನಾಯಕನ ಖಾಸಗಿ ಆಸ್ತಿ, ಅವನ ಭಿನ್ನಾಭಿಪ್ರಾಯ ಊರಿನ ಆಸ್ತಿ. ನಮ್ಮ ಸಾಹೇಬರುಗಳು ಇದನ್ನು ತಿರುವುಮುರುವಾಗಿ ತಿಳಿದುಕೊಂಡಿದ್ದಾರೆ: ಹೊಗಳಿಕೆಗೆ ಫ್ಲೆಕ್ಸ್ ಕಟ್ಟಿಸುತ್ತಾರೆ, ಆಕ್ಷೇಪ ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆ.