ಮಗಳ ಆಟದ ಹೊತ್ತು

ನಮ್ಮ ಮನೆ ಇರುವುದು ದಾವಣಗೆರೆಯ ಆನೆಕೊಂಡದಲ್ಲಿ. ಒಂದು ಕಾಲಕ್ಕೆ ಹಳ್ಳಿಯಾಗಿದ್ದದ್ದು, ಪೇಟೆ ಬೆಳೆಯುತ್ತಾ ಬಂದು ಅದನ್ನು ಒಳಗೆ ಹಾಕಿಕೊಂಡಿದೆ. ಹಳೆಯ ಈಶ್ವರ ಗುಡಿಯೊಂದು ಮಾತ್ರ ಊರಿನ ವಯಸ್ಸು ಹೇಳುತ್ತಾ ನಿಂತಿದೆ. ಎರಡು ಕೋಣೆ, ಒಂದು ಅಡುಗೆಮನೆ, ಮೇಲೆ ಬಟ್ಟೆ ಒಣಗಿಸಲು ತಾರಸಿ. ಇಷ್ಟರಲ್ಲಿ ನಾವು ನಾಲ್ಕು ಜನ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಮಗಳು ಎಂಟನೆಯ ತರಗತಿಯಲ್ಲಿದ್ದಳು. ಪರೀಕ್ಷೆಯಿಲ್ಲದೆಯೇ ಒಂಬತ್ತಕ್ಕೆ ಪಾಸು ಎಂದು ಗೊತ್ತಾದ ದಿನ ಮನೆಯೆಲ್ಲ ಕುಣಿದಾಡಿದಳು. "ಇನ್ನು ಆಟವೇ ಆಟ, ಅಮ್ಮೀ" ಎಂದಳು. ನಾನೂ ನಕ್ಕೆ.

ಅವಳಿಗೆ ಖೋ ಖೋ ಹುಚ್ಚು. ನನ್ನ ಹಾಗೆಯೇ ಏಳರವರೆಗೆ ಉರ್ದು ಶಾಲೆ, ಎಂಟಕ್ಕೆ ಕನ್ನಡದ ಪ್ರೌಢಶಾಲೆ. ಹೊಸ ಶಾಲೆಯಲ್ಲಿ ಕನ್ನಡ ವ್ಯಾಕರಣಕ್ಕೆ ತಿಣುಕಾಡುತ್ತಿದ್ದ ಹುಡುಗಿಗೆ ಗೆಳತಿಯರನ್ನು ಕೊಟ್ಟದ್ದು ಮೈದಾನ. ಎಂಟು ಜನ ಸಾಲಾಗಿ ಒಬ್ಬರು ಅತ್ತ ಒಬ್ಬರು ಇತ್ತ ಮುಖ ಮಾಡಿ ಕೂರುತ್ತಾರೆ, ಒಂಬತ್ತನೆಯವಳು ಅಟ್ಟಿಸಿಕೊಂಡು ಹೋಗುತ್ತಾಳೆ, ಕೂತವಳ ಬೆನ್ನು ಮುಟ್ಟಿ 'ಖೋ' ಎಂದರೆ ಅವಳು ಏಳಬೇಕು. ಚೆಂಡು ಬೇಡ, ಬ್ಯಾಟು ಬೇಡ, ಕಾಸು ಖರ್ಚಿಲ್ಲ. ಬೇಕಾದದ್ದು ಜನ ಮತ್ತು ಜಾಗ. ಆ ವರ್ಷ ಇಲ್ಲವಾದದ್ದೂ ಅವೆರಡೇ.

ಜೂನ್ ಹೊತ್ತಿಗೆ ಆನ್‌ಲೈನ್ ತರಗತಿಯ ಮಾತು ಶುರುವಾಯಿತು. ಚಿಕ್ಕ ಮಕ್ಕಳಿಗೆ ಅದು ಬೇಡವೆಂದು ರಾಜ್ಯ ಸರಕಾರ ನಿಷೇಧಿಸಿತು, ಜುಲೈನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಅದೇ ತಿಂಗಳು ಕೇಂದ್ರದಿಂದ 'ಪ್ರಜ್ಞಾತಾ' ಎಂಬ ಮಾರ್ಗಸೂಚಿ ಬಂತು. ಒಂಬತ್ತರಿಂದ ಹನ್ನೆರಡರವರೆಗಿನ ಮಕ್ಕಳಿಗೆ ದಿನಕ್ಕೆ ನಾಲ್ಕು ಪಾಠ ಮೀರಬಾರದು, ಒಂದೊಂದು ಮೂವತ್ತರಿಂದ ನಲವತ್ತೈದು ನಿಮಿಷ. ಚಂದನ ವಾಹಿನಿಯಲ್ಲಿಯೂ ಪ್ರೌಢಶಾಲೆಯ ಪಾಠಗಳು ಬರತೊಡಗಿದವು. ಲೆಕ್ಕ ಹಾಕಿದರೆ ಮಗಳ ಪಾಠ ದಿನಕ್ಕೆ ಮೂರು ತಾಸಿನೊಳಗೆ ಮುಗಿಯಬೇಕು. ಉಳಿದ ಹೊತ್ತೆಲ್ಲ ಅವಳದೇ. ಕಾಗದದ ಮೇಲೆ ಇದಕ್ಕಿಂತ ಸುಖದ ವಿದ್ಯಾರ್ಥಿ ಜೀವನ ಇನ್ನೊಂದಿಲ್ಲ.

ಮನೆಯಲ್ಲಿ ನಡೆದದ್ದು ಬೇರೆ. ಇದ್ದದ್ದು ಒಂದು ಸ್ಮಾರ್ಟ್‌ಫೋನು, ಕಂತಿನ ಮೇಲೆ ತಂದದ್ದು. ಮಗ ಪಿಯುಸಿ, ಅವನ ತರಗತಿ ಮೊದಲು. ಅವನದು ಮುಗಿದ ಮೇಲೆ ಇವಳ ಸರದಿ. ನೆಟ್‌ವರ್ಕ್ ಸರಿಯಾಗಿ ಸಿಗುತ್ತಿದ್ದದ್ದು ತಾರಸಿಯಲ್ಲಿ. ಆದರೆ ನಾನು ಅವಳನ್ನು ಅಡುಗೆಮನೆಯಲ್ಲೇ ಕೂರಿಸಿದೆ. ಹುಡುಗಿ ಬಿಸಿಲಲ್ಲಿ ಕೂರುವುದು ಬೇಡ ಎಂದು ಹೇಳಿದೆ. ನಿಜ ಏನೆಂದರೆ ಅಲ್ಲಿದ್ದರೆ ಕೈಗೆ ಸಿಗುತ್ತಿದ್ದಳು. ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ, ಮೈಕು ಮ್ಯೂಟ್ ಮಾಡಿ, ಸಮಾಜ ವಿಜ್ಞಾನ ಕೇಳುತ್ತಾ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಒಂದು ದಿನ ಗಣಿತದ ಮೇಷ್ಟ್ರು ಹೆಸರು ಹಿಡಿದು ಕರೆದರೂ ಉತ್ತರ ಕೊಡಲಾಗಲಿಲ್ಲ. ಎರಡೂ ಕೈಗೆ ಹಿಟ್ಟು ಮೆತ್ತಿತ್ತು. ನಾನೇ ಮೊಣಕೈಯಿಂದ ಮ್ಯೂಟ್ ತೆಗೆಯಲು ಹೋಗಿ ಕರೆಯನ್ನೇ ಕಡಿದು ಹಾಕಿದೆ. ಆಗ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು. ಈಗ ನೆನೆದರೆ ನಗು ಬರುವುದಿಲ್ಲ.

ಮಗನ ತರಗತಿ ಮುಗಿದರೆ ಮುಗಿಯಿತು. ಲಾಕ್‌ಡೌನ್ ಸಡಿಲವಾದ ಮೇಲೆ ಓಣಿಯ ಹುಡುಗರೆಲ್ಲ ಸಂಜೆ ಖಾಲಿ ಸೈಟಿನಲ್ಲಿ ಕ್ರಿಕೆಟ್ ಆಡುತ್ತಿದ್ದರು, ಇವನೂ ಹೋಗುತ್ತಿದ್ದ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಆಡಬೇಡ ಎಂದು ನಮ್ಮಲ್ಲಿ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ಹದಿನಾಲ್ಕು ವರ್ಷದ ಹುಡುಗಿ ಓಣಿಯಲ್ಲಿ ಓಡಿದರೆ ಹತ್ತು ಮನೆಯವರು ನೋಡುತ್ತಾರೆ, ಅದೇ ಹುಡುಗಿ ಶಾಲೆಯ ಮೈದಾನದಲ್ಲಿ ಓಡಿದರೆ ಅದು 'ಪಿಟಿ ಪೀರಿಯಡ್ಡು'. ಹುಡುಗಿಯರು ಓಡಲಿಕ್ಕೆ ನಾವು ಕೊಟ್ಟಿದ್ದ ಜಾಗ ಅದೊಂದೇ ಎಂದು ಗೇಟಿಗೆ ಬೀಗ ಬಿದ್ದ ಮೇಲೆ ಗೊತ್ತಾಯಿತು.

ಹರಿಹರದಲ್ಲಿ ನನ್ನ ತವರು. ಅಲ್ಲಿ ಅಣ್ಣನ ಮಗಳಿಗೆ ಮೆಹಂದಿಯ ಖಯಾಲಿ. ಅವಳ ಹವ್ಯಾಸಕ್ಕೆ ಆ ವರ್ಷ ರೆಕ್ಕೆ ಬಂತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಪಾಠ ಕೇಳುತ್ತಾ ಹಾಳೆಗಳ ಮೇಲೆ ಬಳ್ಳಿ ಬಿಡಿಸುತ್ತಿದ್ದವಳು, ಮದುವೆಗಳು ಮತ್ತೆ ಶುರುವಾದಾಗ ದುಡ್ಡಿಗೆ ಕೈ ಬರೆಯತೊಡಗಿದಳು. ಅಣ್ಣ "ನೋಡು, ನಮ್ಮ ಹುಡುಗಿ ಓದು, ಹವ್ಯಾಸ ಎರಡನ್ನೂ ಹೇಗೆ ತೂಗಿಸಿಕೊಂಡು ಹೋಗುತ್ತಾಳೆ, ನಿನ್ನ ಮಗಳು ಯಾಕೆ ಮಂಕಾಗಿದ್ದಾಳೆ?" ಎಂದ. ಮೆಹಂದಿ ಕೂತಲ್ಲೇ ಆಗುವ ಕೆಲಸ. ಆ ವರ್ಷ ಹುಡುಗಿಯರ ಹವ್ಯಾಸಗಳಲ್ಲಿ ಬದುಕಿದವೆಲ್ಲ ಕೂತು ಮಾಡುವಂಥವೇ. ಇದನ್ನು ಅಣ್ಣನಿಗೆ ಆಗ ಹೇಳಲು ನನಗೆ ಹೊಳೆಯಲಿಲ್ಲ.

ಹೊಳೆಯಬೇಕಿತ್ತು. ನಾನು ಬೆಳೆದದ್ದೇ ಶಾಲೆ ಮತ್ತು ಮನೆಯ ನಡುವಿನ ದಾರಿಯಲ್ಲಿ. ಹರಿಹರದಲ್ಲಿ ಶಾಲೆಯಿಂದ ಮನೆಗೆ ಅರ್ಧ ಗಂಟೆಯ ನಡಿಗೆ. ಬೆಳಿಗ್ಗೆ ಮದ್ರಸಾ, ಆಮೇಲೆ ಶಾಲೆ, ಮನೆಗೆ ಬಂದರೆ ಪಾತ್ರೆ, ನೀರು, ತಮ್ಮಂದಿರು. ಯಾರ ಲೆಕ್ಕಕ್ಕೂ ಸಿಗದೆ ಉಳಿದಿದ್ದದ್ದು ಆ ಅರ್ಧ ಗಂಟೆ. ಗ್ರಂಥಾಲಯದ ಕಥೆ ಪುಸ್ತಕಗಳನ್ನು ನಾನು ಓದಿದ್ದು ನಡೆಯುತ್ತಲೇ. ಎರಡು ಬಾರಿ ಎಮ್ಮೆಗೆ ಡಿಕ್ಕಿ ಹೊಡೆದಿದ್ದೇನೆ. ಮೊದಲ ಕಥೆಯ ಮೊದಲ ಸಾಲು ಹೊಳೆದದ್ದೂ ತುಂಗಭದ್ರೆಯ ಕಡೆಯಿಂದ ಗಾಳಿ ಬೀಸುವ ಒಂದು ತಿರುವಿನಲ್ಲಿ. ಆನ್‌ಲೈನ್ ಶಾಲೆಯಲ್ಲಿ ಪಾಠ ಇತ್ತು, ಹಾಜರಿ ಇತ್ತು, ದಾರಿ ಇರಲಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಆ ವರ್ಷ ನಾನು ಮೂರು ಕಥೆ ಬರೆದೆ, ಮೂರೂ ಅಚ್ಚಾದವು. ಅದಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಒಂದನ್ನೂ ಮುಗಿಸಿರಲಿಲ್ಲ. ಮಧ್ಯಾಹ್ನದ ಪಾತ್ರೆಗಳನ್ನು ಮಗಳು ತಿಕ್ಕುತ್ತಿದ್ದಳು, ಅಸರ್ ನಮಾಜಿನವರೆಗಿನ ಆ ಹೊತ್ತು ನನಗೆ ಸಿಗುತ್ತಿತ್ತು. ಹೆಣ್ಣುಮಕ್ಕಳಿಗೆ ಬರೆಯಲು ಬಿಡುವೇ ಇಲ್ಲ ಎಂದು ಸಭೆಗಳಲ್ಲಿ ಮಾತಾಡಿದವಳು ನಾನು. ಬಿಡುವು ಸಿಕ್ಕಾಗ ಅದು ಯಾರದೆಂದು ಕೇಳಲಿಲ್ಲ. ಅವಳು ನನ್ನ ಪಕ್ಕ ಬಂದು ಕೂತು "ಅಮ್ಮೀ, ತಾರಸಿ ಮೇಲೆ ನನ್ನನ್ನು ಹಿಡಿಯಲು ಬರುತ್ತೀರಾ, ಹತ್ತೇ ನಿಮಿಷ?" ಎಂದು ಕೇಳಿದ್ದುಂಟು. "ಈ ಪುಟ ಮುಗಿಯಲಿ" ಎನ್ನುತ್ತಿದ್ದೆ. ಒಂದು ಸಲ ಹೋದೆ. ಕೆಳಗಿನವರು ಛಾವಣಿ ಬೀಳುತ್ತದೆಂದು ಕೂಗಿದರು, ಅಲ್ಲಿಗೇ ಮುಗಿಯಿತು.

ಆ ಆಗಸ್ಟಿನಲ್ಲಿ ವಿದ್ಯಾಗಮ ಬಂತು. ಮೇಷ್ಟ್ರುಗಳು ಮಕ್ಕಳಿದ್ದಲ್ಲಿಗೇ ಬಂದು ಮರದ ಕೆಳಗೆ, ಗುಡಿ ಮಸೀದಿಗಳ ಅಂಗಳದಲ್ಲಿ ಪಾಠ ಮಾಡುವ ಯೋಜನೆ. ಮಗಳು ಹೋದದ್ದು ಕೆಲವೇ ದಿನ, ಆದರೆ ಬಂದಾಗ ಮುಖ ಬೇರೆಯೇ ಇರುತ್ತಿತ್ತು. ಮಕ್ಕಳಿಗೂ ಸೋಂಕು ತಗಲುತ್ತಿದೆ ಎಂಬ ಸುದ್ದಿಯ ನಡುವೆ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು. 2021ರ ಫೆಬ್ರವರಿಯಲ್ಲಿ ಒಂಬತ್ತರವರಿಗೆ ಶಾಲೆ ತೆರೆದು, ಎರಡನೇ ಅಲೆಗೆ ಮತ್ತೆ ಮುಚ್ಚಿ, ಆಗಸ್ಟ್ 23ಕ್ಕೆ ಮತ್ತೆ ತೆರೆಯಿತು. ಅಷ್ಟರಲ್ಲಿ ಅವಳು ಹತ್ತನೆಯ ತರಗತಿ. ಕ್ಯಾನ್ವಾಸ್ ಬೂಟು ಕಾಲಿಗೆ ಹಿಡಿಯದೆ ಪಕ್ಕದ ಮನೆಯ ಹುಡುಗಿಗೆ ಹೋಗಿತ್ತು. ಹೊಸದು ಕೊಡಿಸುತ್ತೇನೆ ಎಂದೆ. "ಬೇಡ ಅಮ್ಮೀ, ಚಪ್ಪಲಿ ಸಾಕು" ಎಂದಳು. ಪಿಟಿ ಮೇಡಂ ಎರಡು ಸಲ ಕರೆದರಂತೆ. "ಈಗ ಓಡಲು ಒಂಥರಾ ನಾಚಿಕೆ" ಎಂದು ಹೇಳಿ ಬಂದಳಂತೆ. ಒಂದೂವರೆ ವರ್ಷದ ಹಿಂದೆ ಆ ಮಾತು ಅವಳ ಬಾಯಲ್ಲಿ ಇರಲಿಲ್ಲ.

ಅವಳು ಈಗ ಪದವಿ ಓದುತ್ತಿದ್ದಾಳೆ. ಜೊತೆಗೆ ಸಂಜೆ ಒಂದು ಕಂಪ್ಯೂಟರ್ ಕೋರ್ಸು, ಅದೂ ಆನ್‌ಲೈನು. ಫೋನು ಅವಳದೇ, ಕೋಣೆಯೂ ಅವಳದೇ. ಮೊನ್ನೆ ಏನೋ ಹುಡುಕುತ್ತಾ ನನ್ನ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿದವಳು ಕೇಳಿದಳು: "ಆ ಕೊರೊನಾ ವರ್ಷ ನೀವು ಬರೆದ ಕಥೆಗಳಲ್ಲಿ ನಾನು ಎಲ್ಲಾದರೂ ಇದ್ದೀನಾ, ಅಮ್ಮೀ?"

ರಾತ್ರಿ ಮೂರನ್ನೂ ತೆಗೆದು ಓದಿದೆ. ವಿಧವೆ ಇದ್ದಾಳೆ, ಅತ್ತೆ ಇದ್ದಾಳೆ, ಗಿರಣಿ ಮುಚ್ಚಿ ಮನೆಗೆ ಬಂದ ಮುದುಕನೂ ಇದ್ದಾನೆ. ಹದಿನಾಲ್ಕರ ಹುಡುಗಿ ಒಂದರಲ್ಲೂ ಇಲ್ಲ. ಬೆಳಿಗ್ಗೆ "ಇಲ್ಲ" ಎಂದೆ. "ಗೊತ್ತಿತ್ತು" ಎಂದಳು, ಸಿಟ್ಟಿನಿಂದೇನಲ್ಲ.

ಅವಳ ಕೋರ್ಸಿನ ಹೊತ್ತು ಏಳರಿಂದ ಎಂಟು. ಆ ಹೊತ್ತಿಗೆ ರೊಟ್ಟಿ ನನ್ನ ಪಾಲು, ಮಗನಿದ್ದರೆ ಪಾತ್ರೆ ಅವನ ಪಾಲು. ರೊಟ್ಟಿ ಬಡಿಯುವ ಸದ್ದು ಮೈಕಿಗೆ ಕೇಳಿಸುತ್ತದೆ ಎಂದು ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ.