ಮುಖಪುಟದ ಊರು

ಮಣ್ಣಿನ ಕೆಲಸವನ್ನು ನಮ್ಮ ಕಡೆಯ ಹುಡುಗರಿಗೆ ಯಾರೂ ಕಲಿಸಬೇಕಾಗಿಲ್ಲ. ಅವನು ಇಂಡಿಯವನಿರಲಿ, ಸಿಂದಗಿಯವನಿರಲಿ, ಮುದ್ದೇಬಿಹಾಳದವನಿರಲಿ, ಬಸವನ ಬಾಗೇವಾಡಿಯವನಿರಲಿ, ಕಾರ ಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಅವನ ಕೈ ತಾನಾಗಿಯೇ ಹಳ್ಳದ ದಂಡೆಯ ಜಿಗುಟು ಮಣ್ಣಿನ ಕಡೆಗೆ ಹೋಗುತ್ತದೆ. ಆಷಾಢದ ಮಂಗಳವಾರ ಗುಳ್ಳವ್ವ, ನಾಗರ ಪಂಚಮಿಗೆ ನಾಗಪ್ಪ, ಸುಗ್ಗಿಯಲ್ಲಿ ಜೋಳದ ದಂಟಿನ ಬೆಂಡಿನಿಂದ ಬಂಡಿ—ಹೀಗೆ ವರುಷವೆಲ್ಲ ನಾವು ಕುಂಬಾರರೂ ಬಡಿಗರೂ ಆಗಿಯೇ ಬೆಳೆದವರು. ಆದುದರಿಂದ ಮಣ್ಣಿನಲ್ಲಿ ಒಂದು ಊರು ಮಾಡಿ, ಅದರ ಛಾಯಾಚಿತ್ರ ತೆಗೆದು, ಪುಸ್ತಕಕ್ಕೆ ಮುಖಪುಟ ಮಾಡಿಕೊಡುತ್ತೇನೆಂದು ನಾನು ಒಪ್ಪಿಕೊಂಡಾಗ ಅದು ನನಗೆ ಹೆಚ್ಚಿನ ಕೆಲಸವೆಂದು ತೋರಲಿಲ್ಲ. ಊರು ಮಾಡುವುದು ಸುಲಭ. ಅದನ್ನು ಜನ ನಂಬಿದ ಮೇಲೆ ಏನು ಮಾಡಬೇಕೆಂಬುದು ಕಠಿಣ. ಇದು ನನಗೆ ಆಮೇಲೆ ತಿಳಿಯಿತು.

ಪುಸ್ತಕದ ಸಂಗತಿಯನ್ನು ಮೊದಲು ಹೇಳಬೇಕು. ನಮ್ಮ ಕನ್ನಡ ವಿಭಾಗದ ಗುರುಗಳು ನಾವು ಆರೇಳು ಜನ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಬೀಸುವ ಪದಗಳ ಒಂದು ಚಿಕ್ಕ ಸಂಗ್ರಹ ಮಾಡಬೇಕೆಂದು ಹೊರಟರು. ಈ ಜಿಲ್ಲೆಗೆ ಇದು ಹೊಸ ಹಾದಿಯೇನಲ್ಲ. ಅಂದು ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಮನೆಮನೆಯ ಬೀಸುಕಲ್ಲಿನ ಮುಂದೆ ಕುಳಿತು ಹಾಡು ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ಹೊರಡಿಸಿದ್ದನ್ನು ಎಲ್ಲರೂ ಬಲ್ಲರು. ನಾವು ಹೋದದ್ದು ಕೃಷ್ಣೆಯ ಹಿನ್ನೀರಿನ ದಂಡೆಯ ಪುನರ್ವಸತಿ ಕೇಂದ್ರಗಳಿಗೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಅಣೆಕಟ್ಟು ಏಳುವುದಕ್ಕೆ ಹಲವು ದಶಕಗಳೇ ಹಿಡಿದವು. ಇಂದು 519.60 ಮೀಟರ್ ಮಟ್ಟದವರೆಗೆ ನೀರು ನಿಂತರೆ ಅಲ್ಲಿ 123 ಟಿಎಂಸಿ ಅಡಿ ನೀರು ಇರುತ್ತದೆ. ಆ ನೀರಿನಿಂದ ಹೊಲಗಳು ಹಸಿರಾದವು. ಅದೇ ನೀರಿನ ಕೆಳಗೆ ಹಳೆಯ ಕೊಲ್ಹಾರವೂ, ಬಾಗಲಕೋಟೆಯ ಹಳೆಯ ಓಣಿಗಳೂ, ಹೆಸರು ಹೇಳಿದರೆ ನಕ್ಷೆಯಲ್ಲಿ ಸಿಗದ ಎಷ್ಟೋ ಹಳ್ಳಿಗಳೂ ಹೋದವು. ನನ್ನ ಆಯಿಯ ತವರೂರೂ ಅವುಗಳಲ್ಲೊಂದು. ಅದು ಅಂದಿನ ಬಸವನ ಬಾಗೇವಾಡಿ ತಾಲೂಕಿನ ಒಂದು ಸಣ್ಣ ಊರು.

ಹಾಡುಗಳೆಲ್ಲ ಆ ಊರಿನವು. ಮುಖಪುಟಕ್ಕೂ ಆ ಊರೇ ಬೇಕಲ್ಲವೆ? ಆದರೆ ಅದರ ಒಂದು ಛಾಯಾಚಿತ್ರವೂ ಯಾರ ಮನೆಯಲ್ಲಿಯೂ ಇರಲಿಲ್ಲ. ಮದುವೆಯ ಚಿತ್ರಗಳಿದ್ದವು, ಅವುಗಳಲ್ಲಿ ಹಂದರವಿತ್ತು, ಬೀಗರಿದ್ದರು, ಊರಿರಲಿಲ್ಲ. ಊರು ಮುಳುಗುತ್ತದೆಂದು ಗೊತ್ತಿದ್ದರೂ ಅದರ ಚಿತ್ರ ತೆಗೆದಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆಗ ನಾನೇ ಬಾಯಿಬಿಟ್ಟು, “ಮಣ್ಣಿನಲ್ಲಿ ಮಾಡೋಣ, ಸರ್,” ಎಂದೆ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆಯಿಯ ಊರಿದ್ದ ಜಾಗೆಗೆ ಹೋದೆನು. ಬಿರುಕುಬಿಟ್ಟ ಕೆಸರಿನ ನಡುವೆ ಗುಡಿಯ ಕಟ್ಟೆಯೂ ನಾಲ್ಕೆಂಟು ಮನೆಗಳ ಅಡಿಪಾಯದ ಕಲ್ಲುಗಳೂ ಕಂಡವು. ಟೇಪು ಹಿಡಿದು ಅಳೆದೆ, ಒಂದು ಚೀಲ ಮಣ್ಣು ತುಂಬಿಕೊಂಡು ಬಂದೆ. ಒಂದು ಅಡಿಗೆ ಅರ್ಧ ಇಂಚಿನ ಲೆಕ್ಕ ಹಾಕಿಕೊಂಡೆ. ಆರಡಿಯ ಬಾಗಿಲು ಮೂರು ಇಂಚಾಯಿತು. ಮೂರು ಅಡಿ ಉದ್ದ, ಎರಡು ಅಡಿ ಅಗಲದ ಹಲಗೆಯ ಮೇಲೆ ಇಡೀ ಊರು ಹಿಡಿಸದು. ಗುಡಿ, ಬೇವಿನ ಗಿಡ, ಬಾವಿ, ಎರಡು ಮಾಳಿಗೆ ಮನೆ, ಆಚೆ ಒಂದಿಷ್ಟು ಹೊಳೆ—ಇಷ್ಟೇ.

ಬರಿಯ ಎರೆಮಣ್ಣಿನಿಂದ ಗೋಡೆ ಕಟ್ಟಿದವನು ಮರುದಿನ ಪಶ್ಚಾತ್ತಾಪಪಡುತ್ತಾನೆ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ನನ್ನ ಮೊದಲಿನ ಮನೆ ರಾತ್ರಿ ಬೆಳಗಾಗುವುದರೊಳಗೆ ನಾಲ್ಕು ಹೋಳಾಯಿತು. ಆಯಿ ನೋಡಿ ನಕ್ಕು, “ಹೊಟ್ಟು ಹಾಕಲಾರದ ಯಾರರೆ ಗ್ವಾಡಿ ಕಟ್ತಾರೇನೋ ತಮ್ಮಾ?” ಎಂದಳು. ಸಣ್ಣ ಹೊಟ್ಟನ್ನೂ ಸೆಗಣಿಯನ್ನೂ ಕಲಸಿ ಎರಡು ದಿನ ಕೊಳೆಹಾಕಿದ ಮೇಲೆ ಮಣ್ಣು ಮಾತು ಕೇಳಿತು. ಬಾಗಿಲಿಗೆ ಬೆಂಕಿಕಡ್ಡಿ, ಜಂತಿಗೆ ಕಸಬರಿಗೆಯ ಕಡ್ಡಿ, ಬಂಡಿಗೆ ದಂಟಿನ ಬೆಂಡು. ಬೇವಿನ ಗಿಡಕ್ಕೆ ಒಣಗಿದ ತುಳಸಿಯ ಟೊಂಗೆ. ಎತ್ತುಗಳನ್ನು ಮಾತ್ರ ಆಯಿಯೇ ಮಾಡಿದಳು. ನಾನು ಮಾಡಿದವು ಕತ್ತೆಗಳಂತಿದ್ದವೆಂದು ಅವಳ ಅಭಿಪ್ರಾಯ.

ಅವಳು ದಿನಾಲು ಬಂದು ಹಲಗೆಯ ಮುಂದೆ ಕುಳಿತು ತಪ್ಪು ತೆಗೆಯುವಳು. “ಬಾವಿ ಅಲ್ಲಿದ್ದಿಲ್ಲೋ. ಅಗಸ್ಯಾಗಿಂದ ಬಂದ್ರ ಎಡಕ್ಕ ಹಣಮಪ್ಪನ ಗುಡಿ, ಬಲಕ್ಕ ಬೇವಿನ ಗಿಡ, ಗಿಡದ ಹಿಂದ ಬಾವಿ.” ನಾನು ಬಾವಿ ಕಿತ್ತು ಮತ್ತೊಂದು ಕಡೆ ಇಡುವೆನು. ಒಮ್ಮೆ ಗುಡಿಯ ಮೂಲೆಗೆ ಬೆರಳು ಇಟ್ಟು, “ಇಲ್ಲೊಂದು ಬೀಸುಕಲ್ಲು ಒಡದು ಬಿದ್ದಿತ್ತು, ಅದರ ಮ್ಯಾಲ ಕೂತು ನಾವು ಕವಡಿ ಆಡತಿದ್ವಿ,” ಎಂದು ಸುಮ್ಮನಾದಳು. ಒಡೆದ ಬೀಸುಕಲ್ಲನ್ನೂ ಮಾಡಿದೆನು. ಅದು ಹುಣಿಸೆ ಬೀಜದಷ್ಟಿತ್ತು.

ಇನ್ನು ಚಿತ್ರ ತೆಗೆಯುವ ಕೆಲಸ. ಮೇಲೆ ನಿಂತು ತೆಗೆದರೆ ಆಟಿಕೆ ಆಟಿಕೆಯಾಗಿಯೇ ಕಾಣುತ್ತದೆ. ಆ ಊರಿನಲ್ಲಿ ಒಬ್ಬ ಮನುಷ್ಯನು ನಿಂತಿದ್ದರೆ ಅವನ ಕಣ್ಣು ನೆಲದಿಂದ ಎರಡೂವರೆ ಇಂಚು ಎತ್ತರದಲ್ಲಿರಬೇಕು. ನಮ್ಮ ಕ್ಯಾಮೆರಾದ ಕಣ್ಣೂ ಅಲ್ಲಿಯೇ ಇರಬೇಕು. ಮೊಬೈಲಿನ ಕಣ್ಣು ಮೇಲಿನ ತುದಿಗೆ ಇರುವುದರಿಂದ ಅದನ್ನು ತಲೆಕೆಳಗಾಗಿ ಹಿಡಿದೆನು. ಆಗ ಎರಡನೆಯ ತೊಡಕು. ಹತ್ತಿರ ಹಿಡಿದರೆ ಎತ್ತು ಸ್ಪಷ್ಟವಾಗಿ ಗುಡಿ ಮಸಕಾಗುವುದು; ಗುಡಿ ಸ್ಪಷ್ಟವಾದರೆ ಎತ್ತು ಮಸಕಾಗುವುದು. ಆ ಮಸಕೇ ಇದು ಗೊಂಬೆಯೆಂದು ಸಾರಿಹೇಳುತ್ತದೆ. ಮೊಬೈಲನ್ನು ಇಟ್ಟಿಗೆಗೆ ಬಿಗಿಯಾಗಿ ಕಟ್ಟಿ, ಒಂದಿಷ್ಟೂ ಅಲುಗಿಸದೆ, ಒಮ್ಮೆ ಎತ್ತಿಗೆ, ಒಮ್ಮೆ ಗಿಡಕ್ಕೆ, ಒಮ್ಮೆ ಗುಡಿಗೆ ಸರಿಹೊಂದಿಸಿ ಬೇರೆ ಬೇರೆ ಚಿತ್ರ ತೆಗೆದೆ. ಅವುಗಳಲ್ಲಿಯ ಸ್ಪಷ್ಟವಾದ ಭಾಗಗಳನ್ನು ಆಮೇಲೆ ಗಣಕಯಂತ್ರದಲ್ಲಿ ಒಂದುಗೂಡಿಸಬಹುದು.

ಬೆಳಕಿಗೆ ಮೊದಲು ಬಲ್ಬು ಹಚ್ಚಿದ್ದೆನು. ಹತ್ತಿರದ ದೀಪದಿಂದ ನೆರಳುಗಳು ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡವು. ಸೂರ್ಯನು ಬಹುದೂರದಲ್ಲಿರುವುದರಿಂದ ಅವನ ನೆರಳುಗಳು ಒಂದೇ ದಿಕ್ಕಿಗೆ ಓರಣವಾಗಿ ಬೀಳುತ್ತವೆ. ಕೊನೆಗೆ ಹಲಗೆಯನ್ನು ಮಾಳಿಗೆಯ ಮೇಲೆ ಹೊತ್ತೊಯ್ದು ಮುಂಜಾನೆಯ ಎಳೆಬಿಸಿಲಿಗೆ ಕಾದೆನು. ಹೊಳೆಗೆ ನಿಜವಾದ ನೀರು ಹಾಕಿದಾಗಲೂ ಹೀಗೆಯೇ ಆಯಿತು. ಮನೆಯನ್ನು ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಬಹುದು, ನೀರಿನ ಹನಿಯನ್ನು ಇಳಿಸಲಾಗದು. ಒಂದು ಗುಳ್ಳೆ ಎದ್ದು ಎತ್ತಿನ ತಲೆಯಷ್ಟು ದೊಡ್ಡದಾಗಿ ಕುಳಿತಿತು. ಕಪ್ಪು ಬಣ್ಣದ ಮೇಲೆ ಗಾಜಿನ ತುಂಡು ಇಟ್ಟಾಗಲೇ ಕೃಷ್ಣೆ ಕೃಷ್ಣೆಯಂತೆ ಕಂಡಳು. ಒಂದು ಚಿತ್ರದಲ್ಲಿಯಂತೂ ಇರುವೆಯೊಂದು ಗುಡಿಯ ಕಟ್ಟೆ ಏರುತ್ತಿತ್ತು. ನಮ್ಮ ಲೆಕ್ಕದ ಪ್ರಕಾರ ಅದು ಹೆಗ್ಗಣಕ್ಕಿಂತ ಕಡಿಮೆ ಇರಲಿಲ್ಲ.

ತಿದ್ದುವ ಕೆಲಸವನ್ನು ಗಿಂಪ್ ಎಂಬ ಪುಕ್ಕಟೆ ಸಿಗುವ ತಂತ್ರಾಂಶದಲ್ಲಿ ಮಾಡಿದೆನು. ಡೆಮ್ಮಿ 1/8 ಆಕಾರದ ಪುಸ್ತಕವೆಂದರೆ ಅಗಲ ಐದೂವರೆ ಇಂಚು, ಉದ್ದ ಎಂಟೂವರೆ. ಇಂಚಿಗೆ 300 ಚುಕ್ಕೆಯಂತೆ 1650 ಚುಕ್ಕೆ ಅಗಲ, 2550 ಚುಕ್ಕೆ ಉದ್ದದ ಚಿತ್ರ ಬೇಕು. ಅದರ ಮೇಲೆ ಕತ್ತರಿಸುವುದಕ್ಕೆಂದು ಸುತ್ತಲೂ ಒಂದಿಷ್ಟು ಅಂಚು. ಮೇಲಿನ ಮೂರನೆಯ ಒಂದು ಪಾಲು ಹೆಸರಿಗಾಗಿ ಬರಿದಾಗಿರಬೇಕು. ಹಿಂದಿನ ಬಿಳಿ ಬಟ್ಟೆಯನ್ನು ತೆಗೆದು ನಮ್ಮ ಕಾಲೇಜಿನ ಮೇಲಿನ ಆಕಾಶವನ್ನು ಕೂಡಿಸಿದೆ. ಇರುವೆಯನ್ನು ತೆಗೆದೆ. ಹಲಗೆಯ ಅಂಚು, ಅಂಟಿನ ಹೊಳಪು, ಕೂದಲೆಳೆ, ಎಲ್ಲವನ್ನೂ ತೆಗೆದೆ. ಚಿತ್ರವನ್ನು ದೊಡ್ಡದು ಮಾಡಿ ನೋಡುವಾಗ ಮುಂದಿನ ಎತ್ತಿನ ಬೆನ್ನ ಮೇಲೆ ಆಯಿಯ ಹೆಬ್ಬೆರಳಿನ ಗುರುತು ಕಂಡಿತು. ಗೆರೆಗೆರೆಯೂ ಸ್ಪಷ್ಟವಾಗಿತ್ತು. ನಿಜವಾದ ಎತ್ತಿನ ಬೆನ್ನ ಮೇಲೆ ಇಂಥದು ಇರುವುದುಂಟೇ? ಅದನ್ನೂ ಒರೆಸಿದೆನು. ಒರೆಸುವುದಕ್ಕೆ ಅರ್ಧ ನಿಮಿಷ ಸಾಕಾಯಿತು.

ಮುದ್ರಣದ ಮೊದಲ ಕರಡು ತೀರ ಕಪ್ಪಾಗಿ ಬಂದಿತು. ತಪ್ಪು ನನ್ನದೇ. ಪರದೆಯ ಮೇಲೆ ಬೆಳಕು ಒಳಗಿನಿಂದ ಬರುತ್ತದೆ, ಕಾಗದದ ಮೇಲೆ ಹೊರಗಿನಿಂದ ಬಿದ್ದು ಮರಳಬೇಕು. ಇದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನೆರಳುಗಳನ್ನು ತಿಳಿಮಾಡಿ ಎರಡನೆಯ ಕರಡು ತರಿಸಿದೆವು. ಅದು ಚೆನ್ನಾಗಿತ್ತು. ಸಹಪಾಠಿಗಳು ಕೈಯಿಂದ ಕೈಗೆ ಕೊಟ್ಟು ನೋಡಿದರು. ನನಗೆ ಹೆಮ್ಮೆಯಾಗಿತ್ತೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಆ ಕರಡನ್ನು ಹಿಡಿದುಕೊಂಡು ಹಾಡು ಹೇಳಿದವರಿಗೆ ತೋರಿಸಲೆಂದು ಪುನರ್ವಸತಿ ಕೇಂದ್ರಕ್ಕೆ ಹೋದೆನು. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು.

“ಇದು ನಮ್ಮೂರ ಅಲ್ಲೇನಪಾ? ಯಾವಾಗ ಹೊಡದಿದ್ರು ಈ ಫೋಟೋ?”

ನನಗೆ ಒಮ್ಮೆಲೆ ಉತ್ತರ ಹೊಳೆಯಲಿಲ್ಲ. ಅವರು ಬೆರಳಿನಿಂದ ತೋರಿಸಿದರು. “ಗುಡೀ ಹಿಂದಿನ ಮನಿ ನಮ್ದು. ಕಟ್ಟಿ ನೋಡು, ಹ್ಯಾಂಗ ಕಾಣಸ್ತೈತಿ! ನಮ್ಮ ಮನೀಗೆ ಕಲ್ಲಿನ ಕಟ್ಟಿ ಇತ್ತು ಅಂತ ಬಡಕೊಂಡ್ರೂ ಆವಾಗ ಯಾರೂ ಬರಕೊಳ್ಳಲಿಲ್ಲ. ಇದರದೊಂದು ದೊಡ್ಡ ಕಾಪಿ ತಗಸಿ ಕೊಡು. ಈಗ ತೋರಸ್ತೀನಿ.”

ನನ್ನ ಎದೆ ಝಲ್ಲೆಂದಿತು. ಆ ಕಟ್ಟೆಯನ್ನು ನಾನು ಅಳತೆಯಿಂದ ಮಾಡಿರಲಿಲ್ಲ. ಅಲ್ಲಿ ಅಡಿಪಾಯ ಸಿಕ್ಕಿರಲಿಲ್ಲ. ಚಿತ್ರದ ಆ ಮೂಲೆ ಬರಿದಾಗಿ ಕಂಡಿತೆಂದು ಒಂದು ಕಟ್ಟೆ ಇಟ್ಟಿದ್ದೆನು, ಅಷ್ಟೇ. ಅವರ ಮನೆಗೆ ಕಟ್ಟೆ ಇದ್ದುದು ನಿಜವೇ ಇರಬಹುದು. ಆದರೆ ನನ್ನ ಚಿತ್ರ ಅದಕ್ಕೆ ಸಾಕ್ಷಿಯಲ್ಲ. ಅವರು ಅದನ್ನು ನಾಲ್ಕು ಜನರ ಮುಂದೆ ಹಿಡಿದು, ಅದು ಗೊಂಬೆಯೆಂದು ಗೊತ್ತಾದ ದಿನ, ಅವರ ನಿಜವಾದ ಮಾತೂ ಸುಳ್ಳಿನ ಲೆಕ್ಕಕ್ಕೆ ಹೋಗುತ್ತದೆ.

“ಅಜ್ಜಾರ, ಇದು ಮಣ್ಣಿಂದರಿ. ನಾನ ಮಾಡೀನಿ,” ಎಂದೆನು. ಅವರು ನಂಬಲಿಲ್ಲ. ಮೊಬೈಲಿನಲ್ಲಿದ್ದ ಹಲಗೆಯ ಚಿತ್ರ ತೋರಿಸಿದ ಮೇಲೆ ಕರಡನ್ನು ನಿಧಾನವಾಗಿ ನನ್ನ ಕೈಗೆ ಕೊಟ್ಟರು. ಬೈಯಲಿಲ್ಲ. “ಚಲೋ ಮಾಡೀದಿ,” ಎಂದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಬಸ್ಸಿನಲ್ಲಿ ಮರಳಿ ಬರುವಾಗ ಹಿಂದೆಂದೋ ಓದಿದ ಸಂಗತಿಯೊಂದು ನೆನಪಾಯಿತು. 1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲೆ ಎಂಬ ಹಳ್ಳಿಯಲ್ಲಿ ಎಲ್ಸಿ ರೈಟ್, ಫ್ರಾನ್ಸಿಸ್ ಗ್ರಿಫಿತ್ಸ್ ಎಂಬ ಇಬ್ಬರು ಹುಡುಗಿಯರು ರಟ್ಟಿನಲ್ಲಿ ಯಕ್ಷಿಣಿಯರನ್ನು ಕತ್ತರಿಸಿ, ಹಳ್ಳದ ದಂಡೆಯಲ್ಲಿ ಸೂಜಿಯಿಂದ ನಿಲ್ಲಿಸಿ ಚಿತ್ರ ತೆಗೆದರು. ಮಕ್ಕಳ ಆಟ. ಆದರೆ ಷೆರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಅವರೇ ನಂಬಿ, 1920ರಲ್ಲಿ ಪತ್ರಿಕೆಯಲ್ಲಿ ಬರೆದರು. ದೊಡ್ಡವರು ನಂಬಿದ ಮೇಲೆ ಮಕ್ಕಳಿಗೆ ಬಾಯಿಬಿಡುವುದು ಕಠಿಣವಾಯಿತು. ಅವರು ನಿಜ ಹೇಳಿದ್ದು 1983ರಲ್ಲಿ, ಮುದುಕಿಯರಾದ ಮೇಲೆ. ಆ ಚಿತ್ರಗಳಲ್ಲಿ ದೋಷವಿದ್ದದ್ದು ರಟ್ಟಿನ ಯಕ್ಷಿಣಿಯರಲ್ಲಿ ಅಲ್ಲ. ರಟ್ಟಿನವೆಂದು ಹೇಳದೆ ಇದ್ದುದರಲ್ಲಿ.

ಮನೆಗೆ ಬಂದು ಆಯಿಗೆ ಎಲ್ಲವನ್ನೂ ಹೇಳಿದೆನು. ಇದು ಮಣ್ಣಿನ ಊರೆಂದು ಪುಸ್ತಕದಲ್ಲಿ ಬರೆದರೆ ಮುಖಪುಟದ ಸೊಗಸು ಹೋಗುವುದೇನೋ ಎಂಬ ನನ್ನ ಅಂಜಿಕೆಯನ್ನೂ ಹೇಳಿದೆನು. ಅವಳು ಅಕ್ಕಿ ಆರಿಸುತ್ತಲೇ, “ಮಣ್ಣಿಂದು ಅಂತ ಬರದ್ರ ಏನ್ ಕಮ್ಮಿ ಆಗತೈತೋ? ಅಮಾಸಿ ದಿನ ಮಣ್ಣೆತ್ತಿಗೆ ಪೂಜಿ ಮಾಡ್ತೀವಿ, ಹೋಳಿಗಿ ಎಡಿ ಹಿಡೀತೀವಿ. ಅದು ನಾಳೆ ಹೊಲ ಹರಗಾಕ ಹೋಗತೈತಿ ಅಂತ ಯಾರರೆ ತಿಳಕೋತಾರೇನು? ಮಣ್ಣಂತ ಗೊತ್ತಿದ್ದ ಕೈ ಮುಗೀತೀವಿ,” ಎಂದಳು.

ಇದಕ್ಕಿಂತ ಸ್ಪಷ್ಟವಾದ ತೀರ್ಮಾನ ನನಗೆ ಯಾವ ಪುಸ್ತಕದಲ್ಲಿಯೂ ಸಿಗುತ್ತಿರಲಿಲ್ಲ.

ಅಂದು ರಾತ್ರಿ ಗಣಕಯಂತ್ರದ ಮುಂದೆ ಕುಳಿತೆನು. ಆಕಾಶವನ್ನು ಹಾಗೆಯೇ ಬಿಟ್ಟೆ. ಇರುವೆಯನ್ನು ಮರಳಿ ಕರೆಯಲಿಲ್ಲ. ಅಂದಕ್ಕಾಗಿ ಇಟ್ಟಿದ್ದ ಕಟ್ಟೆಯನ್ನು ತೆಗೆದೆನು. ಆ ಮೂಲೆ ಬರಿದಾಗಿಯೇ ಇರಲಿ, ಗೊತ್ತಿಲ್ಲದ ಕಡೆ ಬರಿದಾಗಿರುವುದೇ ಲೇಸು. ಎತ್ತಿನ ಬೆನ್ನನ್ನು ಮೂಲ ಚಿತ್ರದಿಂದ ತಂದು ಕೂಡಿಸಿದಾಗ ಆಯಿಯ ಹೆಬ್ಬೆರಳಿನ ಗುರುತು ತನ್ನ ಜಾಗೆಗೆ ಬಂದು ನಿಂತಿತು. ಒಳಪುಟದಲ್ಲಿ ಗುರುಗಳ ಒಪ್ಪಿಗೆ ಪಡೆದು ಒಂದು ಸಾಲು ಹಾಕಿಸಿದೆವು: “ಮುಖಪುಟದ ಊರು ಮಣ್ಣಿನದು, ಊರವರ ನೆನಪಿನ ಮೇಲಿಂದ ಮಾಡಿದ್ದು.”

ತಿದ್ದುವುದು ತಪ್ಪೆಂದು ನಾನು ಹೇಳಲಾರೆ. ಧೂಳು ಒರೆಸದೆ, ಬೆಳಕು ಸರಿಮಾಡದೆ ಯಾವ ಚಿತ್ರವೂ ಪುಸ್ತಕಕ್ಕೆ ಬಾರದು. ಆದರೆ ಮಾಡಿದ ಕೈಯ ಗುರುತನ್ನೇ ಒರೆಸಿದರೆ ನೋಡುವವನಿಗೆ ಮೋಸವಾಗುತ್ತದೆ, ಮಾಡಿದವರಿಗೂ ಆಗುತ್ತದೆ. ಇಷ್ಟು ಮಾತ್ರ ನಾನು ಕಲಿತದ್ದು.

ಪುಸ್ತಕ ಅಚ್ಚಾಗಿ ಬಂದ ಮೇಲೆ ಮೊದಲನೆಯ ಪ್ರತಿಗಳನ್ನು ಆ ಕೇಂದ್ರಕ್ಕೇ ಒಯ್ದೆವು. ಆ ಹಿರಿಯರು ತಮ್ಮ ಪ್ರತಿಯನ್ನು ಕಣ್ಣ ಹತ್ತಿರ ಹಿಡಿದು, ಎತ್ತಿನ ಬೆನ್ನ ಮೇಲಿನ ಗೆರೆಗಳನ್ನು ನೋಡಿ, “ಇದು ಯಾರ ಬಟ್ಟು?” ಎಂದು ಕೇಳಿದರು. ನಾನು ಆಯಿಯ ಹೆಸರು ಹೇಳಿದೆನು. “ಹೌದೇನು? ನಮ್ಮ ಓಣ್ಯಾಕಿ,” ಎಂದರು. ಆಮೇಲೆ ನಮ್ಮನ್ನು ಕುಳ್ಳಿರಿಸಿಕೊಂಡು, ತಮ್ಮ ಮನೆಯ ಕಟ್ಟೆ ಎಷ್ಟು ಉದ್ದ, ಎಷ್ಟು ಅಗಲ ಇತ್ತೆಂದು ಗೇಣು ಹಾಕಿ ತೋರಿಸಿದರು. ನಾನು ಬರೆದುಕೊಂಡೆನು. ಹಲಗೆ ಇನ್ನೂ ನಮ್ಮ ಮಾಳಿಗೆಯ ಮೇಲಿದೆ. ಚೀಲದಲ್ಲಿ ಒಂದಿಷ್ಟು ಮಣ್ಣೂ ಉಳಿದಿದೆ.