ಪೇಜ್‌ಮೇಕರ್ ಮುಂದೆ ಕೂತ ಹೊಸ ಏಜೆಂಟ್

ನಾನು ಕೆಲಸ ಮಾಡುವ ಜಿಲ್ಲಾ ಪತ್ರಿಕೆಯ ಕಚೇರಿಯಲ್ಲಿ ವಿಂಡೋಸ್ ಎಕ್ಸ್‌ಪಿ ಇರುವ ಒಂದು ಹಳೇ ಕಂಪ್ಯೂಟರ್ ಇದೆ. ಅದಕ್ಕೆ ಇಂಟರ್ನೆಟ್ ಕೊಟ್ಟಿಲ್ಲ. ಎಕ್ಸ್‌ಪಿಯನ್ನು ನೋಡಿಕೊಳ್ಳುವುದನ್ನು ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ನಿಲ್ಲಿಸಿತು. ಆದರೂ ಅದನ್ನು ಗುಜರಿಗೆ ಹಾಕಲು ಯಾರಿಗೂ ಮನಸ್ಸಿಲ್ಲ. ಹತ್ತು ವರ್ಷಕ್ಕೂ ಹೆಚ್ಚಿನ ನಮ್ಮ ಪುಟಗಳು ಅದರ ಹೊಟ್ಟೆಯಲ್ಲಿವೆ. ಅಚ್ಚಾದ ಪತ್ರಿಕೆಯ ಕಟ್ಟುಗಳಲ್ಲಿ ಕೆಲವು ಮಳೆಗೆ ನೆನೆದು ಹೋದವು.

ಆ ಪುಟಗಳನ್ನೆಲ್ಲ ಪೇಜ್‌ಮೇಕರ್‌ನಲ್ಲಿ ಕಟ್ಟಿದ್ದು, ಅಕ್ಷರ ಹಳೇ ನುಡಿಯದು. ಆಗಿನ ಕನ್ನಡ ಫಾಂಟ್‌ಗಳಲ್ಲಿ ಒಂದು ಉಪಾಯ ಇತ್ತು. ಕಂಪ್ಯೂಟರಿಗೆ ಗೊತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಅಕ್ಷರ ಮಾತ್ರ. ಅವುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಚಿತ್ರದಂತೆ ಕೂರಿಸಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಟೋಪಿ ಮೀಸೆ ಅಂಟಿಸಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. ನೀವೀಗ ಫೋನಿನಲ್ಲಿ ಓದುತ್ತಿರುವುದು ಯುನಿಕೋಡ್, ಅದು ಬೇರೆ ಲೆಕ್ಕ. ಒಂದರಿಂದ ಇನ್ನೊಂದಕ್ಕೆ ಬದಲಿಸುವ ತಂತ್ರಾಂಶ ಇದೆ. ತೊಂದರೆ ಅದಕ್ಕಿಂತ ಮುಂಚಿನದು. ಪುಟದಲ್ಲಿ ಹದಿನೈದು ಸುದ್ದಿ ಇದ್ದರೆ ಒಂದೊಂದನ್ನೂ ಕ್ಲಿಕ್ ಮಾಡಿ ಬೇರೆಬೇರೆಯಾಗಿ ಹೊರಗೆ ತೆಗೆಯಬೇಕು. ಸಾವಿರಾರು ಪುಟಕ್ಕೆ ಹೀಗೆ ಕೂರುವವರು ಯಾರು?

ಈ ಕೆಲಸಕ್ಕೆ ಎಐ ಏಜೆಂಟ್ ತಂದೆವು. ಏಜೆಂಟ್ ಅಂದರೆ ಎಲ್‌ಐಸಿಯವರು ನೆನಪಾದರೆ ತಪ್ಪಿಲ್ಲ. ಇದೂ ನಮ್ಮ ಪರವಾಗಿ ಓಡಾಡುವಂಥದ್ದೇ. ಪರದೆಯ ಫೋಟೋ ತೆಗೆಯುತ್ತದೆ, ನೋಡುತ್ತದೆ, ಇಲ್ಲಿ ಒತ್ತಬೇಕು ಎಂದು ನಿರ್ಧರಿಸಿ ಮೌಸ್ ಒತ್ತುತ್ತದೆ, ಮತ್ತೆ ಫೋಟೋ ತೆಗೆಯುತ್ತದೆ. ಇಂಥದ್ದನ್ನು 2024ರ ಅಕ್ಟೋಬರ್‌ನಲ್ಲಿ ಆಂತ್ರೊಪಿಕ್, 2025ರ ಜನವರಿಯಲ್ಲಿ ಓಪನ್‌ಎಐ ಹೊರತಂದವು. ಆಮೇಲೆ ಇನ್ನೂ ಹಲವು ಬಂದಿವೆ. ಹಳೇ ತಂತ್ರಾಂಶಕ್ಕೆ ಇದು ಹೊಂದುವುದು ಇದೇ ಕಾರಣಕ್ಕೆ. ಪೇಜ್‌ಮೇಕರ್‌ಗೆ ಎಐ ಎಂದರೇನು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಯಾರೋ ಮೌಸ್ ಹಿಡಿದು ಕೂತಿದ್ದಾರೆ ಎಂದಷ್ಟೇ ಅದು ತಿಳಿಯುತ್ತದೆ.

ಹಳೇ ಯಂತ್ರವನ್ನೇ ಅದರ ಕೈಗೆ ಕೊಡಲಿಲ್ಲ. ಹಾರ್ಡ್‌ಡಿಸ್ಕನ್ನು ಪೂರ್ತಿ ನಕಲು ಮಾಡಿ, ಹೊಸ ಕಂಪ್ಯೂಟರಿನೊಳಗೆ ಎಕ್ಸ್‌ಪಿ ಓಡುವಂತೆ ಮಾಡಿ, ಅಲ್ಲಿ ಬಿಟ್ಟೆವು. ಆ ನಕಲಿನಿಂದಲೂ ಕೆಲವನ್ನು ಮೊದಲೇ ಅಳಿಸಿದೆವು: ಅಚ್ಚಾಗದ ವರದಿಗಳು, ಹೆಸರು ಹೇಳಬೇಡಿ ಎಂದು ಜನ ಕೊಟ್ಟುಹೋದ ದೂರುಗಳು. ಏಜೆಂಟ್ ತೆಗೆಯುವ ಪ್ರತಿ ಫೋಟೋ ಎಲ್ಲೋ ದೂರದ ಸರ್ವರ್‌ಗೆ ಹೋಗುತ್ತದೆ. ಅಚ್ಚಾದ ಸುದ್ದಿ ಊರಿಗೆಲ್ಲ ಗೊತ್ತು, ಅದು ಹೋದರೆ ಹೋಗಲಿ. ನಮ್ಮನ್ನು ನಂಬಿ ಹೇಳಿದ್ದು ಹೋಗಬಾರದು.

ಮೊದಲ ದಿನವೇ ಒಂದು ಫೈಲಿನಲ್ಲಿ ಯಾವುದೋ ಫಾಂಟ್ ಇರಲಿಲ್ಲ. ಬದಲಿಗೆ ಬೇರೆ ಫಾಂಟ್ ಹಾಕಲೇ ಎಂದು ಪೇಜ್‌ಮೇಕರ್ ಕೇಳಿತು. ಏಜೆಂಟ್ ಓಕೆ ಒತ್ತಿತು. ಮುಚ್ಚುವಾಗ ಸೇವ್ ಮಾಡಲೇ ಎಂದು ಕೇಳಿತು. ಅದಕ್ಕೂ ಹೂಂ ಅಂದಿತು. ಪುಟದ ತಲೆಬರಹ ಕೆಟ್ಟೇ ಹೋಯಿತು. ಇಪ್ಪತ್ತು ವರ್ಷ ಆ ಕುರ್ಚಿಯಲ್ಲಿ ಕೂತ ನಮ್ಮ ಡಿಟಿಪಿ ಅಣ್ಣ ಅದನ್ನು ನೋಡಿ, "ಹೊಸ ಹುಡುಗರೂ ಹಿಂಗೇ ತಂಗಿ, ಕೇಳಿದ್ದಕ್ಕೆಲ್ಲ ಓಕೆ ಒತ್ತತಾರ" ಎಂದು ನಕ್ಕರು. ನಕಲಾದ್ದರಿಂದ ನಗಬಹುದಾಗಿತ್ತು. ಈಗ ಫೈಲುಗಳನ್ನು ಓದಲು ಮಾತ್ರ ಬಿಟ್ಟಿದ್ದೇವೆ, ಸೇವ್ ಒತ್ತಿದರೂ ಆಗುವುದಿಲ್ಲ.

ನನ್ನನ್ನು ಹೆಚ್ಚು ಹೆದರಿಸಿದ್ದು ಬೇರೆ. ಒಂದು ಸುದ್ದಿ ಹೊರಗೆ ತೆಗೆಯಲು ಬರದಿದ್ದಾಗ, ಏಜೆಂಟ್ ಅದನ್ನು ಪರದೆಯಲ್ಲಿ ನೋಡಿ ತಾನೇ ಬರೆದುಕೊಟ್ಟಿತು. ಕನ್ನಡ ಚೆನ್ನಾಗಿತ್ತು, ಓದಿದರೆ ಅನುಮಾನವೇ ಬಾರದು. ಸಿಡಿಲಿಗೆ ಸತ್ತ ರೈತನೊಬ್ಬನ ಸುದ್ದಿ ಅದು. ಮೂಲದಲ್ಲಿ ಹೆಂಡತಿಯ ಹೆಸರು ಬಸವ್ವ, ಇದರಲ್ಲಿ ಬಸಮ್ಮ. ನಮ್ಮ ಕಡೆ ಒಂದಕ್ಷರ ಬೇರೆಯಾದರೆ ರೇಷನ್ ಕಾರ್ಡಿಗೂ ಪಾಸ್‌ಬುಕ್ಕಿಗೂ ತಾಳೆಯಾಗದೆ ಹೆಂಗಸರು ಎಷ್ಟು ಸಲ ತಾಲ್ಲೂಕು ಕಚೇರಿಗೆ ಅಲೆಯುತ್ತಾರೆ ನಿಮಗೇ ಗೊತ್ತು. ತಿಳಿಯದ ಕಡೆ ಗೊಣಗುವ ಯಂತ್ರವಾಗಿದ್ದರೆ ಚಿಂತೆ ಇರಲಿಲ್ಲ. ಇದು ಅಂದವಾದ ಕನ್ನಡದಲ್ಲಿ ಊಹಿಸುತ್ತದೆ.

ಹಾಗಾಗಿ ಹೊರಗೆ ತೆಗೆಯಲು ಬರದ ಸುದ್ದಿಯನ್ನು ಅದು ಮುಟ್ಟುವಂತಿಲ್ಲ, ಪಟ್ಟಿಯಲ್ಲಿ ಬರೆದಿಟ್ಟು ಮುಂದೆ ಹೋಗಬೇಕು. ಆ ಪಟ್ಟಿಯನ್ನು ಡಿಟಿಪಿ ಅಣ್ಣ ಸಂಜೆ ಕೂತು ಮಾಡುತ್ತಾರೆ. ಊರು, ಮನುಷ್ಯರ ಹೆಸರುಗಳನ್ನು ಆಗ ಆ ಭಾಗದಿಂದ ಸುದ್ದಿ ಕಳಿಸುತ್ತಿದ್ದ ವರದಿಗಾರರಿಗೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಕೇಳುತ್ತೇವೆ. ಇದರಿಂದ ಕೆಲಸ ನಿಧಾನವಾಗಿದೆ, ಫೋಟೋ ಫೋಟೋಕ್ಕೂ ದುಡ್ಡು ಬೇರೆ. ಸಂಪಾದಕರು ಬಿಲ್ ನೋಡಿದಾಗೆಲ್ಲ ನನ್ನ ಮುಖ ನೋಡುತ್ತಾರೆ.

2006ರ ಮಳೆಗಾಲದವರೆಗೆ ಬಂದಿದ್ದೇವೆ. ನಿಮ್ಮ ಊರಿನ ಹಳೇ ಸುದ್ದಿ ಬೇಕಿದ್ದರೆ ತಿಂಗಳು, ವರ್ಷ ಹೇಳಿ. ಹೆಸರನ್ನು ಮನೆಯಲ್ಲಿ ಹೇಗೆ ಕರೆಯುತ್ತೀರೋ ಹಾಗೇ ಬರೆದು ಕಳಿಸಿ.